ಹಳೆಯ ವಸ್ತುಗಳ ಸಂಗ್ರಹವೂ ಪರಿಗ್ರಹ ಪರಿಮಾಣ ವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಹೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಕಠಿಣ. ಹಿಂಸೆ, ಅಸತ್ಯ, ಕಳವು, ಕುಶೀಲ ಈ ನಾಲ್ಕನ್ನು ಲೋಕವೂ ನಿಂದಿಸುತ್ತದೆ. ಆದುದರಿಂದ ಲೋಕಲಜ್ಜೆಯಾದರೂ ನಮ್ಮನ್ನು ಕೆಲಮಟ್ಟಿಗೆ ತಡೆಯುತ್ತದೆ. ಆದರೆ ಕೂಡಿಡುವವನನ್ನು ಲೋಕವು ನಿಂದಿಸುವುದಿಲ್ಲ, ಹೊಗಳುತ್ತದೆ. ಕೂಡಿಟ್ಟದ್ದು ಹೊಲ, ಮನೆ, ಬಂಗಾರವಾಗಿದ್ದರೆ ‘ಅನುಕೂಲಸ್ಥ’ ಎನ್ನುತ್ತದೆ. ಹಳೆಯ ಸೀರೆ, ಕೌದಿ, ಹಿತ್ತಾಳೆಯ ದೀಪ, ಕೆತ್ತನೆಯ ಬಾಗಿಲು, ಬಣ್ಣದ ಗೊಂಬೆಗಳಾಗಿದ್ದರೆ ‘ರಸಿಕ’, ‘ಸಂಸ್ಕೃತಿಯ ರಕ್ಷಕ’ ಎಂದು ಇನ್ನೂ ದೊಡ್ಡ ಹೆಸರನ್ನು ಕೊಡುತ್ತದೆ. ಈ ದೊಡ್ಡ ಹೆಸರಿನ ಮರೆಯಲ್ಲಿ ಒಂದು ವ್ರತವು ಸದ್ದಿಲ್ಲದೆ ಭಂಗವಾಗುತ್ತದೆಯೇ? ಅಥವಾ ಇಂತಹ ಸಂಗ್ರಹಕ್ಕೆ ಧರ್ಮದಲ್ಲಿ ನಿಜವಾಗಿಯೂ ಒಂದು ಸ್ಥಾನವಿದೆಯೇ? ಇದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾನೂ ಇಂತಹ ಸಂಗ್ರಾಹಕರಲ್ಲಿ ಒಬ್ಬನಾದುದರಿಂದ ಇಲ್ಲಿ ಹೇಳುವ ಮಾತುಗಳೆಲ್ಲ ಮೊದಲು ನನಗೇ ಅನ್ವಯಿಸುತ್ತವೆ.

ನಮ್ಮ ಸೀಮೆಯಲ್ಲಿ ಈ ಆಸೆ ಹುಟ್ಟುವುದು ಆಶ್ಚರ್ಯವಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನೆಲವೇ ಕುಶಲ ಕೈಗಳ ನೆಲ. ಇಳಕಲ್ಲಿನ ನೇಕಾರನು ಕುಣಿಮಗ್ಗದಲ್ಲಿ ಕುಳಿತು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ‘ಕೊಂಡಿ’ ಹಾಕಿ ಕೂಡಿಸುತ್ತಾನೆ. ಕೆಂಪು ಸೆರಗಿನ ಮೇಲೆ ಗೋಪುರದಂತೆ ಏಳುವ ಬಿಳಿಯ ‘ತೋಪುತೆನಿ’ಯನ್ನು ನೋಡಿದೊಡನೆ ಇದು ಇಳಕಲ್ಲಿನ ಸೀರೆಯೆಂದು ಮಗುವೂ ಹೇಳುತ್ತದೆ. ಈ ಕೊಂಡಿಯ ಕೆಲಸದಿಂದಾಗಿ ಅಲ್ಲಿ ಹಲವು ಸೀರೆಗಳಿಗೆ ಒಂದೇ ಉದ್ದನೆಯ ಹಾಸನ್ನು ಹೂಡಲು ಬರುವುದಿಲ್ಲ. ಒಂದೊಂದು ಸೀರೆಗೂ ಬೇರೆ ಬೇರೆಯಾಗಿಯೇ ಹಾಸನ್ನು ಅಳೆಯಬೇಕು. ಆ ಸೀರೆಯ ಮೇಲೆ ನಮ್ಮ ತಾಯಂದಿರು ಕಸೂತಿ ಹಾಕುತ್ತಿದ್ದರು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ, ಪಲ್ಲಕ್ಕಿಗಳನ್ನು ಬರೆದುಕೊಳ್ಳದೆ, ಎಳೆ ಎಣಿಸಿಯೇ ಮೂಡಿಸುತ್ತಿದ್ದರು. ದಾರಕ್ಕೆ ಗಂಟು ಹಾಕುತ್ತಿರಲಿಲ್ಲ. ಗವಂತಿಯಲ್ಲಿ ಬಟ್ಟೆಯ ಮೇಲ್ಮುಖ ಹೇಗೋ ಹಿಮ್ಮುಖವೂ ಹಾಗೆಯೇ ಇರುತ್ತದೆ. ಗುಳೇದಗುಡ್ಡದ ಖಣ, ಮುದುಕಿಯರು ಹರಿದ ಸೀರೆಗಳ ತುಂಡುಗಳಿಂದ ಹೊಲಿದ ಕೌದಿ, ಬನಶಂಕರಿಯ ಜಾತ್ರೆಗೆ ಬರುವ ಮರದ ಬಾಗಿಲು-ಚೌಕಟ್ಟು, ನೆರೆಯ ಕಿನ್ನಾಳದ ಚಿತ್ರಗಾರರ ಬಣ್ಣದ ಗೊಂಬೆ ಇವೆಲ್ಲ ನಮ್ಮ ಮನೆಗಳಲ್ಲಿ ಬಳಕೆಯ ವಸ್ತುಗಳಾಗಿದ್ದವು. ಅವುಗಳನ್ನು ‘ಜಾನಪದ ಕಲೆ’ ಎಂದು ಯಾರೂ ಕರೆಯುತ್ತಿರಲಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳಿಗೆ ಬಂದಾಗ ಸಂಸಾರಗಳು ನವನಗರಕ್ಕೆ ಹೋಗಬೇಕಾಯಿತು. ದೊಡ್ಡ ಮನೆಯಿಂದ ಸಣ್ಣ ಮನೆಗೆ ಹೋಗುವವರಿಗೆ ಹಳೆಯ ಸಾಮಾನು ಭಾರವಾಗುತ್ತದೆ. ಪಡಸಾಲೆಯ ಕಂಬ, ಮಾಡದ ಚೌಕಟ್ಟು, ತಾಮ್ರದ ಹಂಡೆ, ಅಜ್ಜಿಯ ಟ್ರಂಕಿನ ಸೀರೆಗಳು ಅಂಗಳಕ್ಕೆ ಬಂದವು. ಆ ದಿನಗಳಲ್ಲಿಯೇ ನನಗೂ ಈ ಗೀಳು ಹತ್ತಿತು. ಹಾಳಾಗುವುದನ್ನು ಉಳಿಸುತ್ತಿದ್ದೇನೆಂದು ನಾನು ನಂಬಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಒಂದು ಮನೆಯ ತಾಯಿ ತನ್ನ ಮದುವೆಯ ಚಂದ್ರಕಾಳಿ ಸೀರೆಯನ್ನು ನನಗೆ ಕೊಟ್ಟಳು. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನ ಸಮೀಪ ದಟ್ಟವಾದ ಕಸೂತಿ. ಆಕೆ ಕೇಳಿದ ಬೆಲೆ ಬಹಳ ಕಡಿಮೆ. ನಾನು ಅದರಲ್ಲಿಯೂ ಸ್ವಲ್ಪ ಕಡಿಮೆ ಮಾಡಿಸಿದೆ. ಆ ಮನೆಗೆ ಆಗ ಹಣದ ಅಡಚಣೆಯಿತ್ತೆಂಬುದು ನನಗೆ ಗೊತ್ತಿತ್ತು. ಈ ಸಂಗತಿಯನ್ನು ಮುಂದೆ ಮತ್ತೆ ಹೇಳಬೇಕಾಗಿದೆ. ಈಗ ವ್ರತದ ಸ್ವರೂಪವನ್ನು ನೋಡೋಣ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವೆಂದು ಹೇಳದೆ ‘ಮೂರ್ಛೆ’ ಎಂದು ಹೇಳಿದ್ದಾರೆ. ನಮ್ಮ ಮನೆಮಾತಿನಲ್ಲಿ ಮೂರ್ಛೆ ಎಂದರೆ ಎಚ್ಚರ ತಪ್ಪುವುದು. ಶಾಸ್ತ್ರದಲ್ಲಿ ಅದಕ್ಕೆ ಮಮತ್ವವೆಂದು ಅರ್ಥ. ಈ ಎರಡು ಅರ್ಥಗಳು ಬಹಳ ದೂರದವಲ್ಲ. ‘ಇದು ನನ್ನದು’ ಎಂಬ ಭಾವ ಬಲವಾದಾಗ ಆತ್ಮನು ತನ್ನ ಎಚ್ಚರವನ್ನು ಕಳೆದುಕೊಳ್ಳುತ್ತಾನೆ. ಈ ಮಾತನ್ನು ಹಿಡಿದು ಕೆಲವರು ವಾದಿಸುವುದುಂಟು: ‘ಪರಿಗ್ರಹವು ಭಾವದಲ್ಲಿದೆ, ವಸ್ತುವಿನಲ್ಲಿಲ್ಲ. ನನ್ನಲ್ಲಿ ನೂರು ವಸ್ತುಗಳಿದ್ದರೇನು? ನನಗೆ ಅವುಗಳಲ್ಲಿ ಮಮತೆಯಿಲ್ಲ. ಭರತ ಚಕ್ರವರ್ತಿಯು ಒಂಬತ್ತು ನಿಧಿ, ಹದಿನಾಲ್ಕು ರತ್ನಗಳ ನಡುವೆಯೂ ವಿರಾಗಿಯಾಗಿರಲಿಲ್ಲವೇ?’

ಈ ವಾದಕ್ಕೆ ಸಮಾಧಾನವು ಅದೇ ಅಧ್ಯಾಯದಲ್ಲಿದೆ. ಮೂರ್ಛೆ ಎಂದು ಹೇಳಿದ ಆಚಾರ್ಯರೇ ಈ ಅಣುವ್ರತದ ಅತಿಚಾರಗಳನ್ನು ಹೇಳುವಾಗ ವಸ್ತುಗಳನ್ನು ಹೆಸರಿಸಿದ್ದಾರೆ. ಕ್ಷೇತ್ರ-ವಾಸ್ತು, ಹಿರಣ್ಯ-ಸುವರ್ಣ, ಧನ-ಧಾನ್ಯ, ದಾಸೀ-ದಾಸ, ಕುಪ್ಯ ಇವುಗಳಲ್ಲಿ ಗೊತ್ತುಮಾಡಿಕೊಂಡ ಪ್ರಮಾಣವನ್ನು ಮೀರುವುದೇ ಅತಿಚಾರ. ಭಾವವನ್ನು ಅಳೆಯುವ ಗಜಕೋಲು ಗೃಹಸ್ಥನ ಕೈಯಲ್ಲಿಲ್ಲ. ವಸ್ತುಗಳನ್ನು ಎಣಿಸುವ ಬೆರಳುಗಳು ಮಾತ್ರ ಇವೆ. ಆದುದರಿಂದಲೇ ಎಣಿಕೆಯ ವ್ರತ. ಇಲ್ಲಿ ಕುಪ್ಯ ಎಂಬ ಶಬ್ದವನ್ನು ಗಮನಿಸಬೇಕು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕುಪ್ಯವೆಂದರೆ ನಾರುಬಟ್ಟೆ, ಹತ್ತಿಬಟ್ಟೆ, ರೇಷ್ಮೆಬಟ್ಟೆ, ಚಂದನ ಮೊದಲಾದುವೆಂದು ವಿವರಿಸಿದ್ದಾರೆ. ಹತ್ತಿಯ ಒಡಲು, ರೇಷ್ಮೆಯ ಸೆರಗು ಉಳ್ಳ ಇಳಕಲ್ಲಿನ ಸೀರೆಗೆ ಇದಕ್ಕಿಂತ ಸರಿಯಾಗಿ ಹೊಂದುವ ಶಬ್ದವುಂಟೇ? ‘ಇದು ಕಲೆ, ಇದು ಪರಿಗ್ರಹದ ಪಟ್ಟಿಯಲ್ಲಿ ಬರುವುದಿಲ್ಲ’ ಎಂದು ಸಂಗ್ರಾಹಕನು ಹೇಳುವಂತಿಲ್ಲ. ಹೆಸರು ಬದಲಾದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ‘ಇಚ್ಛಾಪರಿಮಾಣ’ ಎಂಬ ಹೆಸರನ್ನೂ ಹೇಳಿದ್ದಾರೆ. ವಸ್ತುವಿಗೆ ಮಿತಿ ಹಾಕುವುದು ಇಚ್ಛೆಗೆ ಮಿತಿ ಹಾಕುವುದಕ್ಕಾಗಿಯೇ. ಅವರು ಹೇಳುವ ಅತಿಚಾರಗಳು ಬೇರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಇವುಗಳಲ್ಲಿ ನಡುವಿನ ಮೂರು ಹಳೆಯ ವಸ್ತುಗಳ ಸಂಗ್ರಾಹಕನಿಗಾಗಿಯೇ ಹೇಳಿದಂತಿವೆ. ಮುಂದೆ ಬೆಲೆ ಏರುವುದೆಂದು ಕೂಡಿಡುವುದು ಅತಿಸಂಗ್ರಹ. ಇಂದು ಕೊಂಡ ಗೊಂಬೆ ಹತ್ತು ವರ್ಷಗಳಲ್ಲಿ ಎಷ್ಟಾದೀತೆಂದು ಲೆಕ್ಕಹಾಕುವವನು ಧಾನ್ಯದ ಬದಲು ಕಲೆಯನ್ನು ಹಗೇವಿನಲ್ಲಿ ತುಂಬುತ್ತಿದ್ದಾನೆ, ಅಷ್ಟೇ. ಇತರರಿಗೆ ದೊರೆತ ಲಾಭವನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ವಿಸ್ಮಯ. ನಾನು ಬೇಡವೆಂದು ಬಿಟ್ಟ ದೀಪವನ್ನು ಮತ್ತೊಬ್ಬನು ಕೊಂಡು ಗಾಜಿನ ಕಪಾಟಿನಲ್ಲಿಟ್ಟುದನ್ನು ನೋಡಿ ಒಂದು ವಾರ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅದು ಅತಿಚಾರವೆಂಬುದು ತಿಳಿದದ್ದು ಆ ಗ್ರಂಥವನ್ನು ಮತ್ತೆ ಓದಿದಾಗ.

ಇನ್ನು ಭರತೇಶನ ದೃಷ್ಟಾಂತ. ಆತನ ವೈರಾಗ್ಯವನ್ನು ನೆನೆಯುವವರು ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ವೃಷಭಾಚಲದ ಪ್ರಸಂಗವನ್ನೂ ನೆನೆಯಬೇಕು. ಷಟ್ಖಂಡಗಳನ್ನು ಗೆದ್ದು ತನ್ನ ಹೆಸರನ್ನು ಕೆತ್ತಿಸಲು ಹೋದ ಚಕ್ರವರ್ತಿಗೆ ಬೆಟ್ಟದಲ್ಲಿ ಬರಿಯ ಜಾಗವೇ ಸಿಗಲಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿತ್ತು. ತನ್ನ ಹೆಸರನ್ನು ಬರೆಯಲು ಮತ್ತೊಬ್ಬನ ಹೆಸರನ್ನು ಅಳಿಸಬೇಕಾಯಿತು. ಆಗ ಆತನ ಗರ್ವ ಇಳಿಯಿತು. ಪ್ರತಿಯೊಂದು ಹಳೆಯ ವಸ್ತುವೂ ಒಂದು ಸಣ್ಣ ವೃಷಭಾಚಲ. ಅದನ್ನು ಮಾಡಿದವರು, ಬಳಸಿದವರು, ಕೊಟ್ಟವರು, ಪಡೆದವರು ಎಷ್ಟೋ ಜನ. ‘ಇದು ನನ್ನ ಸಂಗ್ರಹ’ ಎಂದು ಚೀಟಿ ಅಂಟಿಸುವಾಗ ನಾವು ಯಾರ ಹೆಸರನ್ನೋ ಅಳಿಸುತ್ತಿರುತ್ತೇವೆ. ಐಹೊಳೆಯ ಒಂದು ಪ್ರಾಚೀನ ದೇವಾಲಯಕ್ಕೆ ಅದರಲ್ಲಿ ಕೆಲಕಾಲ ವಾಸವಾಗಿದ್ದವನ ಹೆಸರಿನಿಂದ ಲಾಡಖಾನ ಗುಡಿ ಎಂದೇ ಹೆಸರಾಗಿದೆ. ಹೆಸರು ಉಳಿದಿದೆ, ಗುಡಿ ಮಾತ್ರ ಆತನದಾಗಲಿಲ್ಲ.

ಇಷ್ಟರಿಂದ ಸಂಗ್ರಹವೆಲ್ಲ ಪಾಪವೆಂದು ತೀರ್ಮಾನಿಸಿದರೆ ಅದೂ ಏಕಾಂತವಾಗುತ್ತದೆ. ಎದುರು ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಹಿಂದಿನವರು ಕಾಪಾಡದಿದ್ದರೆ ನಮಗೆ ಏನು ಉಳಿಯುತ್ತಿತ್ತು? ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ತಾಳೆಯೋಲೆಗಳನ್ನು ಕಾಪಾಡಿದುದರಿಂದಲ್ಲವೇ ಧವಲಾದಿ ಸಿದ್ಧಾಂತ ಗ್ರಂಥಗಳು ಇಂದು ಅಚ್ಚಾಗಿ ನಮ್ಮ ಕೈಗೆ ಬಂದಿರುವುದು? ಈ ಮಾತು ಸತ್ಯ. ಆದರೆ ಆ ಓಲೆಗಳು ಹೇಗೆ ಹುಟ್ಟಿದವೆಂಬುದನ್ನೂ ನೋಡಬೇಕು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬ ಶ್ರಾವಿಕೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಯೇ ತಿಳಿಸುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ‘ಇದು ನನ್ನಲ್ಲಿ ಮಾತ್ರ ಇದೆ’ ಎಂದು ಆಕೆ ಹೆಮ್ಮೆಪಡಲಿಲ್ಲ. ಹೆಚ್ಚು ಕಾಲ ಉಳಿದದ್ದು ಕೊಡುವುದಕ್ಕಾಗಿ ಮಾಡಿಸಿದ ವಸ್ತು.

ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಬೆಟ್ಟದ ಮೇಲೆ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಜಿನಾಲಯವನ್ನು ಕಟ್ಟಿಸಿ ಶಾಸನವನ್ನು ಬರೆಯಿಸಿದನು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥರೂ ಬಾಹುಬಲಿ ಸ್ವಾಮಿಯೂ ಬಂಡೆಯಲ್ಲಿಯೇ ನಿಂತಿದ್ದಾರೆ. ಅವುಗಳನ್ನು ಯಾರೂ ಮನೆಗೆ ಒಯ್ಯಲಾರರು. ಎಲ್ಲರೂ ಹೋಗಿ ನೋಡಬಹುದು, ನಮಿಸಬಹುದು. ರಾಜ್ಯವನ್ನು ಗೆದ್ದೂ ಬಿಟ್ಟುಹೋದ ಬಾಹುಬಲಿಯ ಮೂರ್ತಿಯ ಮುಂದೆ ನಿಂತು, ಹಿಂದಿರುಗುವಾಗ ದಾರಿಯ ಹಳ್ಳಿಯಲ್ಲಿ ಹಳೆಯ ಹಿತ್ತಾಳೆ ಸಿಗುತ್ತದೆಯೇ ಎಂದು ವಿಚಾರಿಸಿದವನು ನಾನು.

ನಮ್ಮ ಕಾಲದಲ್ಲಿಯೂ ಕೊಡುವುದಕ್ಕಾಗಿ ಕೂಡಿಸಿದವರಿದ್ದಾರೆ. ಪುಣೆಯ ದಿನಕರ ಕೇಳಕರರು (1896–1990) ಎಳೆವಯಸ್ಸಿನಲ್ಲಿ ತೀರಿಕೊಂಡ ಮಗನ ಹೆಸರಿನಲ್ಲಿ ದೀಪ, ಅಡಕೊತ್ತು, ಪಾತ್ರೆ, ಬಾಗಿಲುಗಳನ್ನು ಜೀವನವಿಡೀ ಕೂಡಿಸಿ, ಅದನ್ನೆಲ್ಲ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ನಾಡಿನ ಜನಕ್ಕೆ ಬಿಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತು ಸಂಗ್ರಹಾಲಯವು ಜಯಲಕ್ಷ್ಮೀ ವಿಲಾಸದಲ್ಲಿದೆ. ಇವುಗಳಲ್ಲಿ ಸಂಗ್ರಹವುಂಟು, ಆದರೆ ಸಂಗ್ರಾಹಕನ ಸ್ವಾಮಿತ್ವ ಉಳಿದಿಲ್ಲ. ಆದುದರಿಂದ ಭೇದವು ಹೀಗೆ: ಎಲ್ಲರಿಗಾಗಿ ಕಾಪಾಡುವುದು ಒಂದು ಬಗೆಯ ದಾನ, ತನಗಾಗಿ ಮುಚ್ಚಿಡುವುದು ಪರಿಗ್ರಹ. ‘ನಾನೂ ಮುಂದೆ ಕೊಡುತ್ತೇನೆ’ ಎನ್ನುವವನು ಎಂದು ಕೊಡುವೆನೆಂಬ ದಿನವನ್ನೂ ಹೇಳಬೇಕು. ದಿನವಿಲ್ಲದ ಸಂಕಲ್ಪವು ಪಾರಣೆಯ ಹೊತ್ತೇ ತಿಳಿಯದ ಉಪವಾಸದಂತೆ, ಅದು ವ್ರತವಾಗಲಾರದು.

ಇದುವರೆಗೆ ಐದನೆಯ ಅಣುವ್ರತದ ಮಾತಾಯಿತು. ಈ ಹವ್ಯಾಸವು ಇತರ ಅಣುವ್ರತಗಳನ್ನೂ ಮುಟ್ಟುತ್ತದೆ. ಮೊದಲು ಅಚೌರ್ಯ. ಅದರ ಐದು ಅತಿಚಾರಗಳನ್ನು ಎದುರಿಗಿಟ್ಟುಕೊಂಡು ಹಳೆಯ ವಸ್ತುಗಳ ಪೇಟೆಯನ್ನು ನೋಡಿದರೆ ಒಂದೊಂದೂ ಅಲ್ಲಿ ಕಾಣುತ್ತದೆ. ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಕಳವಿನ ವಸ್ತುವನ್ನು ಪಡೆಯುವುದು ತದಾಹೃತಾದಾನ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಅಳತೆ-ತೂಕಗಳಲ್ಲಿ ಮೋಸ ನಾಲ್ಕನೆಯದು. ನಕಲನ್ನು ಅಸಲೆಂದು ಮಾರುವುದು ಪ್ರತಿರೂಪಕ ವ್ಯವಹಾರ. ಹೊಸ ಹಿತ್ತಾಳೆಯನ್ನು ಮಣ್ಣಿನಲ್ಲಿ ಹೂತು ಹಳೆಯದೆಂದು ಮಾರುವುದು, ವಿದ್ಯುತ್ ಮಗ್ಗದ ಬಟ್ಟೆಯನ್ನು ಕೈಮಗ್ಗದ್ದೆಂದು ಹೇಳುವುದು ಈ ಕೊನೆಯ ಅತಿಚಾರ. ರಾಜ್ಯದ ಕಟ್ಟಳೆಯೂ ಸ್ಪಷ್ಟವಾಗಿದೆ. 1972ರ ಪ್ರಾಚೀನ ವಸ್ತುಗಳ ಹಾಗೂ ಕಲಾನಿಧಿಗಳ ಕಾಯಿದೆಯು 1976ರಿಂದ ಜಾರಿಯಲ್ಲಿದೆ. ಅದರಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ಕುಶಲ ವಸ್ತುಗಳೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ತ್ವದ ಹಸ್ತಪ್ರತಿಗಳೂ ಪ್ರಾಚೀನ ವಸ್ತುಗಳೆನಿಸುತ್ತವೆ. ಇವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿಯವರು ಇವುಗಳನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಮೂರ್ತಿಗಳಂಥ ಗೊತ್ತುಪಡಿಸಿದ ವಸ್ತುಗಳನ್ನು ನೋಂದಾಯಿಸಬೇಕು.

ಇಲ್ಲಿ ನಮ್ಮ ಸಮಾಜದವರನ್ನು ನಿಜವಾಗಿಯೂ ಕಾಡುವ ಪ್ರಶ್ನೆಯೊಂದಿದೆ. ಅಂಗಡಿಯೊಂದರಲ್ಲಿ ಪೂಜೆಗೊಂಡ ಗುರುತುಳ್ಳ ಹಳೆಯ ಜಿನಬಿಂಬವು ಹೂಜಿ-ತಂಬಿಗೆಗಳ ನಡುವೆ ಮಾರಾಟಕ್ಕಿದ್ದರೆ ಶ್ರಾವಕನು ಏನು ಮಾಡಬೇಕು? ‘ಅವಿನಯ ನಿಲ್ಲಲಿ, ಹಣ ಕೊಟ್ಟು ಬಿಡಿಸಿಕೊಂಡು ಬರೋಣ’ ಎಂದು ಭಕ್ತಿ ಹೇಳುತ್ತದೆ. ಆದರೆ ಹಾಗೆ ಕೊಟ್ಟ ಹಣವು ಮುಂದಿನ ಬಸದಿಯ ಬೀಗಕ್ಕೆ ಬೀಳುವ ಪೆಟ್ಟಿಗೆ ಕೂಲಿಯಾಗುತ್ತದೆ. ಕೊಳ್ಳುವವನಿದ್ದಾನೆಂದು ತಿಳಿದರೆ ಕದಿಯುವವನು ಸುಮ್ಮನಿರಲಾರ. ನಮ್ಮ ಉದ್ದೇಶ ಶುದ್ಧವಾಗಿದ್ದರೂ ಅದು ತದಾಹೃತಾದಾನದಿಂದ ಸ್ತೇನಪ್ರಯೋಗಕ್ಕೆ ದಾರಿಯಾಗುತ್ತದೆ. ಆದುದರಿಂದ ಗುಟ್ಟಾಗಿ ಕೊಳ್ಳದೆ, ಊರಿನ ಹಿರಿಯರೊಡನೆ ಪೊಲೀಸರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸುವುದೇ ಸರಿಯಾದ ಮಾರ್ಗವೆಂದು ನನಗೆ ತೋರುತ್ತದೆ. ಇದು ನಿಧಾನದ ದಾರಿ. ಮನಸ್ಸಿಗೆ ತೃಪ್ತಿಯನ್ನೂ ಬೇಗ ಕೊಡುವುದಿಲ್ಲ. ಆದರೆ ನಮ್ಮ ತೃಪ್ತಿಗಾಗಿ ಮತ್ತೊಂದು ಊರಿನ ಬಸದಿಯು ಬರಿದಾಗಬಾರದು.

ಎರಡನೆಯದು ಅಹಿಂಸೆ. ಉತ್ತರ ಕರ್ನಾಟಕದ ಕಿಳ್ಳೇಕ್ಯಾತರ ತೊಗಲುಗೊಂಬೆಗಳು ಬಹಳ ಸುಂದರವಾದವು. ಸಂಗ್ರಾಹಕರು ಅವುಗಳನ್ನು ಬೆಳಕಿನ ಮುಂದೆ ತೂಗುಹಾಕಿ ಮೆಚ್ಚುತ್ತಾರೆ. ಆದರೆ ಅವು ಮೇಕೆ, ಜಿಂಕೆ ಮೊದಲಾದ ಪ್ರಾಣಿಗಳ ಚರ್ಮದವು. ಆಟವನ್ನು ಆಡುವವರ ವಿದ್ಯೆಯನ್ನು ಗೌರವಿಸೋಣ. ಆಟವನ್ನು ನೋಡಿ ಕಾಣಿಕೆ ಕೊಡೋಣ. ಅಷ್ಟಮಿ-ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ನಡೆಯುವ ಮನೆಯ ಗೋಡೆಯ ಮೇಲೆ ಮಾತ್ರ ಚರ್ಮಕ್ಕೆ ಜಾಗವಿಲ್ಲ. ಆನೆಯ ದಂತದ ವಸ್ತುಗಳ ಮಾತೂ ಅಷ್ಟೇ. ಅಲ್ಲಿ ರಾಜ್ಯದ ನಿಷೇಧವೂ ಇದೆ. ರೇಷ್ಮೆಯ ವಿಷಯವು ಇನ್ನೂ ಸೂಕ್ಷ್ಮ. ಗೂಡುಗಳನ್ನು ಕುದಿಸಿಯೇ ನೂಲು ತೆಗೆಯುವುದರಿಂದ ಹೊಸ ರೇಷ್ಮೆಯನ್ನು ಕೊಳ್ಳುವವನು ಆ ವಧೆಗೆ ಕಾರಣನಾಗುತ್ತಾನೆ. ಹಳೆಯ ಸೀರೆಯನ್ನು ಕೊಳ್ಳುವುದರಿಂದ ಹೊಸದಾಗಿ ಹುಳು ಸಾಯುವುದಿಲ್ಲವೆಂಬುದು ನಿಜ. ಆದರೆ ಕೃತ-ಕಾರಿತಗಳ ಜೊತೆಗೆ ಅನುಮೋದನೆಯೂ ಒಂದಿದೆ. ಮೆಚ್ಚುವಾಗ ಅದರ ಮೂಲವನ್ನು ಮರೆಯಬಾರದು. ಹತ್ತಿಯ ಹಾಗೂ ಕೃತಕ ರೇಷ್ಮೆಯ ಸೆರಗಿನ ಸೀರೆಗಳೂ ನೇಯಲ್ಪಡುತ್ತಿವೆ. ಹೊಸದನ್ನು ಕೊಳ್ಳುವ ಶ್ರಾವಿಕೆಯರು ಅವುಗಳನ್ನು ಕೇಳಿ ಪಡೆಯಬಹುದು.

ಕಾಪಾಡುವುದರಲ್ಲಿಯೂ ಹಿಂಸೆಯಿದೆಯೆಂಬುದನ್ನು ಸಂಗ್ರಾಹಕರು ಹೇಳುವುದೇ ಇಲ್ಲ. ಬಟ್ಟೆಗೆ ನುಸಿ, ಮರಕ್ಕೆ ಗೆದ್ದಲು, ಕಾಗದಕ್ಕೆ ಹುಳು. ನೂರು ವಸ್ತುಗಳಿರುವ ಕೋಣೆಯನ್ನು ಉಳಿಸಿಕೊಳ್ಳಲು ನುಸಿಗುಳಿಗೆ, ಗೆದ್ದಲಿನ ಔಷಧಿಗಳನ್ನು ಬಳಸಿ ಎಷ್ಟು ಜೀವಗಳನ್ನು ಕೊಲ್ಲುತ್ತೇವೆ? ಹತ್ತು ಸೀರೆಗಳಿದ್ದರೆ ಬೇವಿನ ಒಣಎಲೆ ಇಟ್ಟು, ಆಗಾಗ್ಗೆ ಬಿಚ್ಚಿ ಗಾಳಿಗೆ ಹಾಕಿ ಹುಳು ಹುಟ್ಟದಂತೆಯೇ ನೋಡಿಕೊಳ್ಳಬಹುದು. ನೂರಾದರೆ ಆಗದು. ಪ್ರಮಾಣ ಹೆಚ್ಚಿದಂತೆ ಯತ್ನಾಚಾರ ಕುಗ್ಗುತ್ತದೆ. ಪರಿಗ್ರಹದ ಮಿತಿಯು ಅಹಿಂಸೆಗೆ ಬೇಲಿ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಮೂರನೆಯದು ಬೆಲೆಯ ಪ್ರಶ್ನೆ. ಹಳೆಯ ವಸ್ತುವಿಗೆ ನಾವು ಕೊಡುವ ಹಣವು ಬಹುಮಟ್ಟಿಗೆ ಮಧ್ಯದ ವ್ಯಾಪಾರಿಗೆ ಸೇರುತ್ತದೆ. ಮಾಡಿದ ಕೈ ಎಂದೋ ಹೋಗಿದೆ. ಇಂದಿನ ನೇಕಾರನಿಂದ ನೇರವಾಗಿ ಕೊಂಡ ಸೀರೆಯ ಹಣದಿಂದ ಒಂದು ಮನೆಯಲ್ಲಿ ಒಲೆ ಉರಿಯುತ್ತದೆ; ಮಗನು ಮಗ್ಗವನ್ನು ಬಿಡದೆ ಉಳಿಯುತ್ತಾನೆ. ಇಳಕಲ್ಲಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಮಾನ್ಯತೆಯನ್ನು ಉಟ್ಟುಕೊಳ್ಳಲು ಬರುವುದಿಲ್ಲ. ಸೀರೆಯನ್ನು ಉಡುವವರು ಬೇಕು. ಕಲೆಯನ್ನು ಉಳಿಸಬೇಕೆಂಬ ಆಸೆ ಪ್ರಾಮಾಣಿಕವಾಗಿದ್ದರೆ, ತಾತನು ನೇಯ್ದುದನ್ನು ಕಪಾಟಿನಲ್ಲಿ ಕೂಡಿಹಾಕುವುದಕ್ಕಿಂತ ಮೊಮ್ಮಗನು ನೇಯ್ದುದನ್ನು ಕೊಂಡು ಉಡುವುದು ಹೆಚ್ಚು ಫಲಕಾರಿ. ಉಟ್ಟ ಸೀರೆ ಹರಿಯುತ್ತದೆ, ಹರಿದದ್ದು ಕೌದಿಯಾಗುತ್ತದೆ, ಕೌದಿಯು ಚಳಿಯಲ್ಲಿ ಮಗುವಿಗೆ ಹೊದಿಕೆಯಾಗುತ್ತದೆ. ನಮ್ಮ ಅಜ್ಜಿಯರಿಗೆ ಪರಿಗ್ರಹ ಪರಿಮಾಣದ ಸೂತ್ರವು ಬಾಯಿಗೆ ಬಾರದಿದ್ದರೂ ಅದರ ಆಚರಣೆ ಕೈಗೆ ಬಂದಿತ್ತು.

ಈಗ ಆ ಚಂದ್ರಕಾಳಿ ಸೀರೆಯ ಮಾತು. ಅನೇಕ ವರ್ಷಗಳ ನಂತರ ಒಂದು ಭಾದ್ರಪದ ಶುದ್ಧ ತ್ರಯೋದಶಿ; ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ. ನಾನು ಉಪವಾಸದಲ್ಲಿದ್ದೆ. ಬಸದಿಯಲ್ಲಿ ಪ್ರವಚನ ಕೇಳಿ ಮನೆಗೆ ಬಂದಾಗ ಆ ತಾಯಿ ಕಟ್ಟೆಯ ಮೇಲೆ ಕುಳಿತಿದ್ದಳು, ಬಹಳ ಮುದುಕಿಯಾಗಿದ್ದಳು.

“ತಮ್ಮಾ, ಆ ಸೀರಿ ಇನ್ನೂ ನಿನ್ನ ಹಂತ್ಯಾಕ ಐತೇನಪಾ? ಮಾರ್ಗಶಿರದಾಗ ಮೊಮ್ಮಗಳ ಮದಿವಿ ಐತಿ. ಒಂದ ದಿನಾ ಉಡಿಸಿ, ಒಗದ ಮಡಿಚಿ ತಂದ ಕೊಡ್ತೇನಿ.”

ನಾನು ಒಳಗೆ ಹೋಗಿ ಕಪಾಟನ್ನು ತೆರೆದೆ. ಸೀರೆ ಗಟ್ಟಿಯಾಗಿಯೇ ಇತ್ತು. ಉಟ್ಟರೆ ನಿರಿಗೆ ಬೀಳುತ್ತದೆ, ಅರಿಷಿಣ ತಾಗುತ್ತದೆ, ಕಸೂತಿಯ ಎಳೆ ಜಗ್ಗುತ್ತದೆ ಎಂದು ಮನಸ್ಸು ಲೆಕ್ಕ ಹಾಕಿತು. ಹೊರಗೆ ಬಂದು, “ಯವ್ವಾ, ಅರಿವಿ ಜೀರ್ಣ ಆಗೇತಿ, ಉಟ್ಟರ ಹರೀತೈತಿ” ಎಂದೆ. ಆಕೆ, “ಹೌದೇನಪಾ, ನನ್ನಂಗ ಅದಕ್ಕೂ ವಯಸ್ಸಾತು” ಎಂದು ನಕ್ಕು ಎದ್ದು ಹೋದಳು.

ಅನ್ನವನ್ನು ಬಿಟ್ಟ ದಿನದಂದು ನಾನು ಒಂದು ಬಟ್ಟೆಯನ್ನು ಬಿಡಲಾರದೆ ಸುಳ್ಳಾಡಿದೆ. ‘ಯಾವುದೂ ನನ್ನದಲ್ಲ’ ಎಂಬ ಧರ್ಮದ ದಿನದಂದು ‘ಇದು ನನ್ನದು’ ಎಂಬುದಕ್ಕಾಗಿ ಸತ್ಯಾಣುವ್ರತವನ್ನೂ ಮುರಿದೆ. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದೆಂದು ಕೇಳಿದ್ದೇವೆ. ಆ ದಿನ ನನ್ನ ಶರೀರ ಹಸಿದಿತ್ತು. ನಾನು ವಾಸವಾಗಿದ್ದದ್ದು ಕಪಾಟಿನ ಸಮೀಪದಲ್ಲಿ. ಮೂರ್ಛೆ ಎಂಬ ಶಬ್ದದ ಅರ್ಥವು ನನಗೆ ಯಾವ ಟೀಕೆಯಿಂದಲೂ ಅಷ್ಟು ಸ್ಪಷ್ಟವಾಗಿರಲಿಲ್ಲ.

ಪರ್ವ ಮುಗಿದ ಮೇಲಿನ ಕ್ಷಮಾವಣಿಯ ದಿನ ಸೀರೆಯನ್ನು ತೆಗೆದುಕೊಂಡು ಆ ಮನೆಗೆ ಹೋದೆ. ಸುಳ್ಳು ಹೇಳಿದೆನೆಂದು ಒಪ್ಪಿಕೊಂಡು ಕ್ಷಮೆ ಬೇಡಿ, ಸೀರೆ ಮೊಮ್ಮಗಳಿಗೇ ಇರಲಿ ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಳಗೆ ಹೋಗಿ, ಹಿಂದೆ ನಾನು ಕೊಟ್ಟಿದ್ದಷ್ಟೇ ಹಣವನ್ನು ತಂದು, “ಮಾರಿದ್ದು ಮಾರಿದ್ದ. ಪುಕ್ಕಟೆ ತಗೊಳ್ಳಾಂಗಿಲ್ಲ” ಎಂದು ನನ್ನ ಕೈಯಲ್ಲಿ ಇಟ್ಟಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಅಂದು ಬೆಲೆಯನ್ನು ಕಡಿಮೆ ಮಾಡಿಸಿದವನು ನಾನು; ಆ ಕಡಿಮೆಯೂ ಅದರಲ್ಲಿ ಲೆಕ್ಕಕ್ಕೆ ಬಂದಿತ್ತು. ಆ ಹಣವನ್ನು ಆಹಾರದಾನಕ್ಕೆ ಕೊಟ್ಟೆ. ಹೀಗೆ ಮಾಡಿದುದರಿಂದ ನಾನು ನಿರ್ಮೋಹಿಯಾದೆನೆಂದು ಯಾರೂ ತಿಳಿಯಬಾರದು. ಆ ಕಪಾಟಿನ ಬರಿದಾದ ಜಾಗವನ್ನು ನೋಡಿದಾಗ ಇಂದಿಗೂ ಮನಸ್ಸು ಚುರುಕ್ಕೆನ್ನುತ್ತದೆ.

ಅದರ ಮರುದಿನವೇ ನನ್ನಲ್ಲಿರುವ ವಸ್ತುಗಳ ಯಾದಿಯನ್ನು ಬರೆದೆ. ಬರೆಯುವವರೆಗೆ ನನಗೆ ಎಷ್ಟು ಇವೆಯೆಂಬುದೇ ಗೊತ್ತಿರಲಿಲ್ಲ. ಎಣಿಕೆ ತಿಳಿಯದವನಿಗೆ ಪರಿಮಾಣವೆಲ್ಲಿಯದು? ಜಿನಬಿಂಬದ ಸಾಕ್ಷಿಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡೆ. ಯಾದಿಯ ಸಂಖ್ಯೆ ಇನ್ನು ಏರಕೂಡದು. ಒಂದು ಬಂದರೆ ಒಂದು ಹೋಗಬೇಕು. ಕಷ್ಟದಲ್ಲಿರುವ ಮನೆಯಿಂದ ಕೊಳ್ಳಕೂಡದು; ಅವರಿಗೆ ನೆರವು ಬೇಕಿದ್ದರೆ ವಸ್ತುವನ್ನು ಪಡೆಯದೆಯೇ ಕೈಲಾದುದನ್ನು ಮಾಡಬೇಕು. ಪೂಜೆಯ ಮೂರ್ತಿ, ಚರ್ಮ, ದಂತಗಳನ್ನು ಮುಟ್ಟಕೂಡದು. ಯಾರಾದರೂ ಬಳಸುವುದಕ್ಕಾಗಿ ಕೇಳಿದರೆ ಇಲ್ಲವೆನ್ನಕೂಡದು. ಪ್ರತಿ ವರ್ಷ ಉತ್ತಮ ತ್ಯಾಗದ ದಿನ ಒಂದನ್ನು ಬಿಡಬೇಕು. ಅದೂ ಮನಸ್ಸಿಗೆ ಬೇಡವಾದುದನ್ನಲ್ಲ. ಈ ಕೊನೆಯ ನಿಯಮವೇ ಎಲ್ಲಕ್ಕಿಂತ ಕಷ್ಟ.

ನಮ್ಮ ಎಲ್ಲರ ಮನೆಗಳಲ್ಲಿಯೂ ಹಿರಿಯರ ಹಳೆಯ ವಸ್ತುಗಳಿವೆ. ಅವುಗಳನ್ನು ಗುಜರಿಗೆ ಹಾಕಿರೆಂದು ನಾನು ಹೇಳುತ್ತಿಲ್ಲ. ಹಿರಿಯರ ವಸ್ತುವಿಗೆ ಅನಾದರ ತೋರಿಸುವುದು ಅಪರಿಗ್ರಹವಲ್ಲ, ಬರಿಯ ಅಲಕ್ಷ್ಯ. ಬಳಸುವುದನ್ನು ಬಳಸೋಣ. ಬಳಸಲಾರದ್ದನ್ನು ಬಳಸುವವರಿಗೆ ಕೊಡೋಣ. ಎಲ್ಲರೂ ನೋಡತಕ್ಕಂತಹುದನ್ನು ಎಲ್ಲರೂ ನೋಡುವಲ್ಲಿ ಇಡೋಣ. ಬರುವ ದಶಲಕ್ಷಣ ಪರ್ವದಲ್ಲಿ ಉಪವಾಸದ ಸಂಕಲ್ಪ ಮಾಡುವ ಶ್ರಾವಕ-ಶ್ರಾವಿಕೆಯರು ಅದರೊಡನೆ ತಮ್ಮ ಕಪಾಟಿನ ಬಾಗಿಲನ್ನೂ ಒಮ್ಮೆ ತೆರೆದು, ಒಳಗಿರುವುದನ್ನು ಎಣಿಸಿ, ಆ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆಯಲಿ. ವ್ರತವು ಅಲ್ಲಿಂದ ಪ್ರಾರಂಭವಾಗುತ್ತದೆ.